ಶಾಲು ಬೇಡ, ಗೆಜ್ಜೆ ಕೊಡಿ

ಕಳೆದ ವರ್ಷ ನಮ್ಮ ಕಾಸರಗೋಡು ಸೀಮೆಯ ಒಂದು ಕನ್ನಡ ಶಾಲೆಯ ವಾರ್ಷಿಕೋತ್ಸವಕ್ಕೆ ನಾವು ಹೋಗಿದ್ದೆವು. ಮಕ್ಕಳ ಯಕ್ಷಗಾನಕ್ಕೆ ಮುಂಚಿತವಾಗಿ ನಿವೃತ್ತ ಅಧ್ಯಾಪಕರೊಬ್ಬರಿಗೆ ಸನ್ಮಾನವಿತ್ತು. ತಾರುಣ್ಯದಲ್ಲಿ ಅಭಿಮನ್ಯುವಿನ ವೇಷದಿಂದ ಹತ್ತೂರಿನಲ್ಲಿ ಹೆಸರಾದವರು ಅವರು. ಅರುವತ್ತೆರಡರ ಪ್ರಾಯದಲ್ಲಿಯೂ ಮುಂಜಾನೆ ಮನೆಯಂಗಳದಲ್ಲಿ ಹೆಜ್ಜೆ ಹಾಕುವುದನ್ನು ಬಿಟ್ಟವರಲ್ಲ. ಆ ರಾತ್ರಿಯ ಪ್ರಸಂಗದಲ್ಲಿ ತಮಗೊಂದು ಸಣ್ಣ ವೇಷವಿರಲಿ ಎಂದು ಅವರು ಕೇಳಿಕೊಂಡಿದ್ದರಂತೆ. ‘ಮಾಷ್ಟ್ರೇ, ಈ ಪ್ರಾಯದಲ್ಲಿ ನಿಮಗೆ ಈ ಕಷ್ಟವೆಲ್ಲ ಯಾಕೆ? ಮುಂದಿನ ಸಾಲಿನಲ್ಲಿ ಕುಳಿತು ಮಕ್ಕಳಿಗೆ ಆಶೀರ್ವಾದ ಮಾಡಿ’ ಎಂಬ ಉತ್ತರ ಬಂದಿತು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಚೆಂಡೆಯ ಪೆಟ್ಟು ಬೀಳುತ್ತಲೇ ಕುರ್ಚಿಯ ಕೆಳಗೆ ಅವರ ಪಾದಗಳೆರಡೂ ತಾಳ ಹಿಡಿದುದನ್ನು ಪಕ್ಕದಲ್ಲಿ ಕುಳಿತಿದ್ದ ನಾವು ಕಂಡೆವು.

ಆ ಶಾಲನ್ನು ಕುರಿತು ನಮಗೊಂದು ಜಗಳವುಂಟು. ಸನ್ಮಾನವೆಂಬ ಹೆಸರಿನಲ್ಲಿ ನಾವು ಸಾಧಕನನ್ನು ಅವನ ಸಾಧನೆಯಿಂದ ಬಿಡಿಸಿ ಕುರ್ಚಿಗೆ ಕಟ್ಟಿಹಾಕುತ್ತಿದ್ದೇವೆ. ಮೈಯಿಂದ ಮಾಡತಕ್ಕ ವಿದ್ಯೆಯೆಲ್ಲ ಎಳೆಯರದು, ಪ್ರಾಯ ಸಂದವರದೇನಿದ್ದರೂ ಉಪದೇಶ ಮಾತ್ರ ಎಂಬ ಈ ಭಾವನೆ ವಿದ್ಯೆಯನ್ನೂ ಅರಿಯದು, ಪ್ರಾಯವನ್ನೂ ಅರಿಯದು.

ಯಕ್ಷಗಾನದ ಹಿರಿಯರಿಗೆ ಇಂತಹ ತಪ್ಪು ಕಲ್ಪನೆ ಇರಲಿಲ್ಲ. ತೆಂಕುತಿಟ್ಟಿನ ಮೇಳಗಳ ಹಳೆಯ ಪದ್ಧತಿಯನ್ನು ನೋಡಿರಿ. ಹೊಸದಾಗಿ ಸೇರಿದ ಹುಡುಗ ಮೊದಲು ಪೂರ್ವರಂಗದ ಕೋಡಂಗಿಯಾಗಬೇಕು. ಮತ್ತೆ ಬಾಲಗೋಪಾಲ, ನಿತ್ಯವೇಷ. ಮೈ ತುಂಬಿದ ಮೇಲೆ ಅಭಿಮನ್ಯು, ಬಭ್ರುವಾಹನರಂತಹ ಪುಂಡುವೇಷ. ಅಲ್ಲಿಗೆ ದಾರಿ ಮುಗಿಯಲಿಲ್ಲ. ಕಿರೀಟ ಹೊತ್ತು ಸಭೆಯನ್ನು ಆಳತಕ್ಕ ರಾಜವೇಷ, ಅಕ್ಕಿಹಿಟ್ಟಿನ ಚುಟ್ಟಿಯಿಟ್ಟು ಗಂಟೆಗಟ್ಟಲೆ ಮುಖ ಬರೆದುಕೊಂಡು ಬರುವ ಬಣ್ಣದ ವೇಷ, ಇವು ಮೆಟ್ಟಲಿನ ಮೇಲ್ಭಾಗದಲ್ಲಿದ್ದುವು. ಧೀಂಗಿಣದ ಎತ್ತರ ಇಪ್ಪತ್ತರ ಹುಡುಗನಿಗೆ ಸಲ್ಲುವ ಸೊತ್ತು. ರಾವಣನಾಗಿ ರಂಗದ ನಡುವೆ ಸುಮ್ಮನೆ ನಿಂತು ಸಭೆಯನ್ನು ನಡುಗಿಸುವ ನಿಲುವು ಆ ಪ್ರಾಯಕ್ಕೆ ದೊರೆಯುವಂಥದಲ್ಲ. ಒಂದೊಂದು ಪ್ರಾಯಕ್ಕೂ ಒಂದೊಂದು ವೇಷವನ್ನು ಕಾದಿರಿಸಿದ ಕಲೆಯಿದು. ನಾವಾದರೋ ಏಣಿಯ ಕೆಳಗಿನ ಮೂರು ಮೆಟ್ಟಲುಗಳನ್ನು ಉಳಿಸಿಕೊಂಡು ಮೇಲಿನವನ್ನು ಕಡಿದು ಒಲೆಗಿಡುತ್ತಿದ್ದೇವೆ.

ಇದಕ್ಕೆ ನಿದರ್ಶನ ಬೇಕೆಂದರೆ ದೂರ ಹೋಗಬೇಕಾಗಿಲ್ಲ. ಬಡಗಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹುಟ್ಟಿದ್ದು 1933ರಲ್ಲಿ. ಪದ್ಮಶ್ರೀ ಬಂದುದು 2012ರಲ್ಲಿ. ಎಂಬತ್ತರ ಹೊಸ್ತಿಲಲ್ಲಿ ಬಂದ ಆ ಬಿರುದನ್ನು ಅವರು ನಿವೃತ್ತಿಯ ಆಜ್ಞೆಯೆಂದು ತಿಳಿಯಲಿಲ್ಲ; ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿ ರಂಗಕ್ಕೆ ಬಂದರು. 2017ರಲ್ಲಿ ಅವರು ತೀರಿಕೊಂಡಾಗ ನಾಡು ಕಳೆದುಕೊಂಡದ್ದು ಒಬ್ಬ ಮಾಜಿ ಕಲಾವಿದನನ್ನಲ್ಲ, ಕಲಾವಿದನನ್ನೇ. ನಮ್ಮ ತೆಂಕಣ ದಿಕ್ಕಿಗೆ ತಿರುಗಿದರೆ ವಡಗರೆಯ ಮೀನಾಕ್ಷಿಯಮ್ಮ ಇದ್ದಾರೆ. ಏಳರ ಪ್ರಾಯದಲ್ಲಿ ಕಳರಿಯ ಮಣ್ಣನ್ನು ಮೆಟ್ಟಿದ ಆ ತಾಯಿ 2017ರಲ್ಲಿ ಪದ್ಮಶ್ರೀ ಸ್ವೀಕರಿಸಿದಾಗ ಎಪ್ಪತ್ತು ದಾಟಿದ್ದರು. ಆಗಲೂ ಸೀರೆಯ ಸೆರಗು ಬಿಗಿದು ಕತ್ತಿ ಗುರಾಣಿ ಹಿಡಿದು ಶಿಷ್ಯರಿಗೆ ಎದುರಾಗಿ ನಿಲ್ಲುತ್ತಿದ್ದರು. ಅಜ್ಜಿ ಎಂದು ಅವರನ್ನು ಕುಳ್ಳಿರಿಸುವ ಧೈರ್ಯ ಯಾರಿಗಿದ್ದೀತು?

‘ಅವರು ಅಸಾಮಾನ್ಯರು, ನಮ್ಮಂಥವರ ಮೊಣಕಾಲು ಕೇಳಬೇಕಲ್ಲ’ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಕೆರೆಮನೆ ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ಪಾತ್ರ ನಿರ್ವಹಿಸುತ್ತಿರುವಾಗಲೇ ಅಸ್ವಸ್ಥರಾಗಿ ಅಗಲಿದುದನ್ನೂ ಕೆಲವರು ನೆನಪಿಸುತ್ತಾರೆ. ರಂಗದ ಮೇಲೆ ಪ್ರಾಣ ಬಿಡಿರೆಂದು ನಾವು ಯಾರಿಗೂ ಹೇಳುತ್ತಿಲ್ಲ. ಮರಣವನ್ನು ಅಲಂಕಾರ ಮಾಡಿ ಹಾಡುವುದು ಹುಡುಗಾಟ. ಪ್ರಾಯವಾದಂತೆ ಸ್ನಾಯುಗಳ ಕಸುವು ತಗ್ಗುತ್ತದೆ, ಆಯಾಸ ಇಳಿಯಲು ಹೆಚ್ಚು ದಿನ ಬೇಕಾಗುತ್ತದೆ, ಕೀಲುಗಳು ಮಳೆಗಾಲವನ್ನು ನಮಗಿಂತ ಮೊದಲೇ ಅರಿಯುತ್ತವೆ. ಇದೆಲ್ಲ ನಿಜ. ಆದರೆ ಎಪ್ಪತ್ತು ಎಂಬತ್ತರ ಮೈಯೂ ಹಿತಮಿತವಾದ ವ್ಯಾಯಾಮದಿಂದ ಬಲಗೊಳ್ಳುತ್ತದೆಂಬುದನ್ನು ಇಂದಿನ ವೈದ್ಯಶಾಸ್ತ್ರ ಪರೀಕ್ಷಿಸಿ ತಿಳಿದಿದೆ. ಬಿಟ್ಟ ಮೈ ಬೇಗ ಬೀಳುತ್ತದೆ. ಬಿಡದ ಮೈ ನಿಧಾನವಾಗಿ ಇಳಿಯುತ್ತದೆ. ಇಪ್ಪತ್ತು ಧೀಂಗಿಣ ಹಾಕುತ್ತಿದ್ದವನು ಎರಡು ಹಾಕಲಿ, ಅದೂ ಆಗದಿದ್ದರೆ ನಿಂತಲ್ಲಿಯೇ ತ್ರಿವುಡೆ ತಾಳದ ಹೆಜ್ಜೆಯನ್ನು ಶುದ್ಧವಾಗಿ ತೋರಿಸಲಿ. ಎದೆಯ ತೊಂದರೆ ಇರುವವನು ವೈದ್ಯನನ್ನು ಕೇಳಿಯೇ ಗೆಜ್ಜೆ ಕಟ್ಟಲಿ. ಇಷ್ಟು ವಿವೇಕ ಸಾಕು. ಹೆದರಿಕೆಗೆ ವಿವೇಕವೆಂಬ ಹೆಸರು ಕೊಡುವುದು ಮಾತ್ರ ಸಲ್ಲದು.

ಕಲೆಯಲ್ಲಿ ಮೈಯ ಇಳಿತವೆಲ್ಲ ನಷ್ಟವೆಂದು ಬಗೆಯುವುದೂ ತಪ್ಪು. ಕಸುವು ತುಂಬಿರುವಾಗ ಕಲಾವಿದನು ಬೇಡದ ಹತ್ತು ಚಲನೆಗಳನ್ನು ಮಾಡಿ ಬೇಕಾದ ಒಂದನ್ನು ಮರೆಸುತ್ತಾನೆ. ಕಸುವು ಕುಂದಿದಾಗ ಯಾವುದು ಬೇಕು, ಯಾವುದು ಬೇಡ ಎಂಬ ಲೆಕ್ಕ ಕಾಲಿಗೇ ತಿಳಿಯತೊಡಗುತ್ತದೆ. ನಲುವತ್ತು ವರ್ಷ ಲಯದೊಡನೆ ಬಾಳಿದವನು ತಾಳವನ್ನು ಎಣಿಸುವುದಿಲ್ಲ. ಅದು ಅವನ ಉಸಿರಿನಲ್ಲಿರುತ್ತದೆ. ಇದನ್ನು ಹದಿನೈದರ ಬಾಲಕನಿಗೆ ಪುಸ್ತಕದಿಂದ ತಿಳಿಸುವುದು ಸಾಧ್ಯವಿಲ್ಲ. ಅವನ ಕಣ್ಣೆದುರಿಗೆ ಅಂಥ ಒಂದು ಮೈ ಕುಣಿಯಬೇಕು.

ಇನ್ನು ನಮ್ಮ ಶಾಲೆಗಳ ವಿಷಯ. ಕೇರಳದ ಶಾಲಾ ಕಲೋತ್ಸವ 1957ರಲ್ಲಿ ಆರಂಭವಾಯಿತು; ಅದರಲ್ಲಿ ಇಂದು ಯಕ್ಷಗಾನಕ್ಕೂ ಸ್ಥಾನವುಂಟು, ಅದು ನಮ್ಮ ಮಕ್ಕಳ ಭಾಗ್ಯ. ಆದರೆ ನಡೆಯುವುದೇನು? ಹೊರಗಿನಿಂದ ಒಬ್ಬ ಗುರುಗಳನ್ನು ಕರೆಸಿ, ಮೂರು ತಿಂಗಳು ಒಂದೇ ಪ್ರಸಂಗದ ಒಂದೇ ತುಂಡನ್ನು ಗಿಳಿಪಾಠ ಮಾಡಿಸಿ, ಬಹುಮಾನ ಗೆದ್ದು, ಗ್ರೇಸ್ ಮಾರ್ಕು ಎಣಿಸಿ, ಗೆಜ್ಜೆಯನ್ನು ಕಪಾಟಿಗೆ ಸೇರಿಸುತ್ತೇವೆ. ಹುಡುಗನು ಹನ್ನೆರಡನೆಯ ತರಗತಿ ಮುಗಿಸುವಾಗ ಅವನ ಕುಣಿತವೂ ಮುಗಿಯಿತು. ಹದಿನೆಂಟಕ್ಕೆ ನಿವೃತ್ತಿ! ದೋಷ ಹುಡುಗನದಲ್ಲ. ತನ್ನ ಅಧ್ಯಾಪಕರಲ್ಲಿ ಒಬ್ಬರಾದರೂ ಐವತ್ತರ ಪ್ರಾಯದಲ್ಲಿ ಬೆವರು ಸುರಿಸಿ ತಪ್ಪು ಹೆಜ್ಜೆಯನ್ನು ತಿದ್ದಿಕೊಳ್ಳುವುದನ್ನು ಅವನು ಕಂಡವನಲ್ಲ. ದೊಡ್ಡವರಾದವರು ಬಿಡತಕ್ಕದ್ದು ಎಂಬ ಪಾಠವನ್ನು ಅವನು ನಮ್ಮನ್ನು ನೋಡಿಯೇ ಕಲಿತನು. ವಿದ್ಯಾರ್ಥಿಗಳ ಮುಂದೆ ತಪ್ಪಿದರೆ ಗೌರವಕ್ಕೆ ಕುಂದೆಂದು ಅಂಜುವ ಮಿತ್ರರಿಗೆ ನಮ್ಮದೊಂದೇ ಪ್ರಶ್ನೆ: ಕಲಿಯುವುದನ್ನು ನಿಲ್ಲಿಸಿದವನಿಗೆ ಕಲಿಸುವ ಅಧಿಕಾರ ಎಲ್ಲಿಂದ ಬಂದಿತು?

ಗಡಿನಾಡಿನ ನಮಗೆ ಇದು ಬರಿಯ ಕಾಲಕ್ಷೇಪದ ವಿಷಯವಲ್ಲ. ಪಾರ್ತಿಸುಬ್ಬನ ಹೆಸರು ಹೊತ್ತ ಕುಂಬಳೆ ಸೀಮೆ ನಮ್ಮದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕಚೇರಿಯ ನುಡಿ ಬೇರೆಯಾಯಿತು, ಪೇಟೆಯ ನುಡಿಯೂ ಮೆಲ್ಲಮೆಲ್ಲನೆ ಬೇರೆಯಾಗುತ್ತಿದೆ. ಬರೆದುಕೊಟ್ಟ ಮಾತಿಲ್ಲದೆ, ಪದ್ಯದ ಎಳೆ ಹಿಡಿದು, ಆಶುವಾಗಿ ತುಂಬುಗನ್ನಡದಲ್ಲಿ ಮಾತನಾಡಬೇಕಾದ ಒಂದು ಸ್ಥಳ ನಮ್ಮಲ್ಲಿ ಇನ್ನೂ ಉಳಿದಿದ್ದರೆ ಅದು ಯಕ್ಷಗಾನದ ರಂಗ. ಅಲ್ಲಿ ಕುಣಿತ ಮಾತಿಗೆ ಉಸಿರನ್ನು ಕೊಡುತ್ತದೆ. ಮಾತು ಕುಣಿತಕ್ಕೆ ಅರ್ಥವನ್ನು ಕೊಡುತ್ತದೆ. ಮೂರು ತಿಂಗಳ ಗಿಳಿಪಾಠದಿಂದ ಆ ಮಾತು ಹುಟ್ಟುವುದಿಲ್ಲ. ಮೂವತ್ತು ವರ್ಷ ಬಾಳಿ, ಓದಿ, ಸೋತು, ಗೆದ್ದು ಬಂದವನ ನಾಲಗೆಯಲ್ಲಿ ಅದು ಹುಟ್ಟುತ್ತದೆ. ಅವನನ್ನೇ ನಾವು ಶಾಲು ಹೊದಿಸಿ ಮೌನಿಯಾಗಿಸಿದರೆ ಮಕ್ಕಳು ಯಾರ ಬಾಯಿಂದ ಕಲಿಯಬೇಕು?

ಆದುದರಿಂದ ನಮ್ಮ ಬೇಡಿಕೆ ಇಷ್ಟು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲ ನಾವು ಗೆಜ್ಜೆ ಕಟ್ಟುವ ಕಾಲವಾಗಲಿ. ಪ್ರತಿ ಕನ್ನಡ ಶಾಲೆಯಲ್ಲಿ ವಾರಕ್ಕೊಂದು ಸಂಜೆ ಅಧ್ಯಾಪಕರೂ ವಿದ್ಯಾರ್ಥಿಗಳೂ ನಿವೃತ್ತರೂ ಒಂದೇ ಸಾಲಿನಲ್ಲಿ ನಿಂತು ಒಂದೇ ಗುರುವಿನಿಂದ ಹೆಜ್ಜೆ ಕಲಿಯಲಿ. ಸಿಮೆಂಟಿನ ನೆಲಕ್ಕಿಂತ ಮಣ್ಣಿನ ನೆಲ ಮೊಣಕಾಲಿಗೆ ಹಿತ. ಅಂಗಳವಿದ್ದಲ್ಲಿ ಅಂಗಳವನ್ನೇ ಬಳಸಲಿ. ವಾರ್ಷಿಕೋತ್ಸವದ ಪ್ರಸಂಗದಲ್ಲಿ ಪುಂಡುವೇಷ ಹುಡುಗರಿಗೂ ಹುಡುಗಿಯರಿಗೂ ಇರಲಿ. ರಾಜವೇಷವೂ ಬಣ್ಣದ ವೇಷವೂ ಐವತ್ತು ದಾಟಿದವರಿಗೆ ಮೀಸಲಾಗಲಿ. ಶಾಲಿಗೆ ವ್ಯಯವಾಗುವ ಹಣದಿಂದ ಗೆಜ್ಜೆ ಕೊಳ್ಳಲಿ.

ವಿದ್ಯಾರ್ಥಿಗಳೇ, ನಿಮ್ಮ ಮಾಷ್ಟ್ರು ರಂಗದಲ್ಲಿ ಹೆಜ್ಜೆ ತಪ್ಪಿದರೆ ನಗಬೇಕೆನಿಸಿದರೆ ನಕ್ಕುಬಿಡಿ. ಆದರೆ ಮರುವಾರ ಅದೇ ಹೆಜ್ಜೆ ಸರಿಯಾಯಿತೆ ಎಂದು ನೋಡಲು ತಪ್ಪದೆ ಬನ್ನಿ. ಅಧ್ಯಾಪಕ ಬಂಧುಗಳೇ, ಮುಂದಿನ ಉತ್ಸವದಲ್ಲಿ ನಿಮ್ಮ ಹೆಗಲಿಗೆ ಶಾಲು ಬಂದರೆ ಕೈಮುಗಿದು ಹಿಂದಕ್ಕೆ ಕೊಡಿ. ಚೌಕಿಯಲ್ಲಿ ನಿಮ್ಮ ವೇಷ ಯಾವುದೆಂದು ಕೇಳಿ.