ಕನ್ನಡಕ ತೆಗೆದ ಮೇಲೆ ಅಜ್ಜಿ ಹೇಗೆ ನಡೀತಾರೆ?

‘ಬೆನ್ನು ನೆಟ್ಟಗೆ ಮಾಡಿ, ಮುಂದೆ ನೋಡ್ಕೊಂಡು ನಡೀರಿ’ ಅಂತ ಮನೆಯ ಹಿರಿಯರಿಗೆ ನಾವೆಲ್ಲ ಹೇಳುತ್ತಲೇ ಇರುತ್ತೇವೆ. ಹತ್ತು ಹೆಜ್ಜೆ ನೆಟ್ಟಗೆ ನಡೆದು ಮತ್ತೆ ತಲೆ ತಗ್ಗಿಸುತ್ತಾರೆ. ಎಷ್ಟೋ ಸಲ ಅದು ಹಠ ಅಲ್ಲ, ಬೀಳುವ ಭಯ. ಕಣ್ಣು ಪಾದಕ್ಕೇ ಅಂಟಿಕೊಂಡರೆ ತಲೆ, ಹೆಗಲು ಮುಂದಕ್ಕೆ ಬಾಗುತ್ತವೆ. (ಬೆನ್ನುಮೂಳೆಯೇ ಸವೆದು ಬಾಗಿದ್ದರೆ ಆ ಮಾತು ಬೇರೆ, ಅದಕ್ಕೆ ಡಾಕ್ಟರೇ ಬೇಕು.)

ಇದಕ್ಕೀಗ ‘ಮಿಕ್ಸೆಡ್ ರಿಯಾಲಿಟಿ’ ಅನ್ನೋ ಮದ್ದು ಹುಡುಕುತ್ತಿದ್ದಾರೆ. ಕನ್ನಡದಲ್ಲಿ ‘ಬೆರಕೆ ವಾಸ್ತವ’ ಅನ್ನೋಣವೇ? ಇನ್ನೂ ಒಳ್ಳೆ ಪದ ಹೊಳೆದರೆ ಹೇಳಿ. ದಪ್ಪ ಕನ್ನಡಕದಂಥದ್ದನ್ನು ಹಾಕಿಕೊಂಡರೆ ನಿಜವಾದ ನೆಲದ ಮೇಲೇ ಗೆರೆಗಳು ಮೂಡಿದಂತೆ ಕಾಣುತ್ತೆ. ಗೆರೆ ನಾಲ್ಕು ಹೆಜ್ಜೆ ಮುಂದಿದ್ದರೆ ಕಣ್ಣು ಅಲ್ಲಿಗೆ ಹೋಗುತ್ತೆ, ತಲೆಯೂ ಏಳುತ್ತೆ ಅನ್ನೋದು ಲೆಕ್ಕಾಚಾರ. ಗೆರೆಯ ಉಪಾಯ ಹಳೆಯದೇ. ನೆಲದ ಮೇಲೆ ಅಡ್ಡಗೆರೆಗಳಿದ್ದರೆ ಪಾರ್ಕಿನ್ಸನ್ ಕಾಯಿಲೆಯವರು ಸಲೀಸಾಗಿ ಹೆಜ್ಜೆ ಹಾಕುವುದನ್ನು ಬ್ರಿಟನ್ನಿನ ನರವೈದ್ಯ ಪರ್ಡನ್ ಮಾರ್ಟಿನ್ 1967ರಲ್ಲೇ ಬರೆದಿದ್ದರು.

ನನ್ನ ತಕರಾರು ಉಪಾಯದ ಬಗ್ಗೆ ಅಲ್ಲ, ಕನ್ನಡಕದ ಬಗ್ಗೆ. ಮೈಕ್ರೋಸಾಫ್ಟಿನ ಹೋಲೋಲೆನ್ಸ್ 2 ತೂಗುವುದು 566 ಗ್ರಾಂ. ಯಾವ ಕತ್ತು ಎತ್ತಬೇಕೋ ಅದರ ಮೇಲೇ ಅರ್ಧ ಕೇಜಿಗಿಂತ ಹೆಚ್ಚು ಭಾರ! ಅದರ ತಯಾರಿಕೆಯೂ 2024ರಲ್ಲಿ ನಿಂತಿತು. ಅದಿಲ್ಲದೆ ನಡೆಯಲಾರೆ ಅನ್ನುವಷ್ಟು ನೆಚ್ಚಿಕೊಂಡವರ ಗತಿ?

ಹಾಗಂತ ತಂತ್ರಜ್ಞಾನವೇ ಬೇಡ ಅನ್ನುತ್ತಿಲ್ಲ. 2016ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಐದು ದೇಶಗಳ ಪ್ರಯೋಗ ನೋಡಿ. ಅದರಲ್ಲಿದ್ದವರು 60ರಿಂದ 90 ವರ್ಷದ, ಆಗಾಗ ಬೀಳುತ್ತಿದ್ದ 302 ಜನ. ಒಂದು ಗುಂಪು ಬರೀ ಟ್ರೆಡ್‌ಮಿಲ್ ಮೇಲೆ ನಡೆಯಿತು. ಇನ್ನೊಂದು ಗುಂಪು ಎದುರಿನ ಪರದೆಯಲ್ಲಿ ತಮ್ಮ ಪಾದಗಳನ್ನೇ ನೋಡುತ್ತಾ, ಅಲ್ಲಿ ಅಡ್ಡ ಬಂದದ್ದನ್ನೆಲ್ಲ ದಾಟುತ್ತಾ ನಡೆಯಿತು. ವಾರಕ್ಕೆ ಮೂರು ಸಲ, ಆರು ವಾರ, ಅಷ್ಟೆ. ನಂತರದ ಆರು ತಿಂಗಳಲ್ಲಿ ಈ ಎರಡನೇ ಗುಂಪಿನವರು ಬಿದ್ದದ್ದು ಮೊದಲಿನವರಿಗಿಂತ ಶೇ. 42ರಷ್ಟು ಕಡಿಮೆ. ಅವರು ಅಳೆದದ್ದು ಬೆನ್ನಿನ ಬಾಗನ್ನಲ್ಲ, ಬೀಳುವುದನ್ನು, ನಿಜ. ಆದರೆ ಗಮನಿಸಿ, ತಲೆ ಮೇಲೆ ಯಾವ ಭಾರವೂ ಇರಲಿಲ್ಲ. ಲಾಭ ಕಂಡದ್ದೂ ಪಾಠ ಮುಗಿದ ಮೇಲೆ, ದಿನನಿತ್ಯದ ಓಡಾಟದಲ್ಲಿ.

ಆದ್ದರಿಂದ ಈ ಕನ್ನಡಕ ಮೇಷ್ಟ್ರ ಹಾಗಿರಲಿ, ಊರುಗೋಲಿನ ಹಾಗೆ ಬೇಡ. ಫಿಸಿಯೋಥೆರಪಿಯವರ ಕಣ್ಣೆದುರು ಕೆಲವು ವಾರ ಕಲಿಸಿ ರಜೆ ತಗೊಳ್ಳಲಿ. ಯಾರಾದರೂ ಇಂಥದ್ದನ್ನು ಮಾರಲು ಬಂದರೆ, ಹಾಕಿಕೊಂಡಾಗ ಎಷ್ಟು ಚೆಂದ ನಡೀತಾರೆ ಅನ್ನೋ ವಿಡಿಯೋಗೆ ಮರುಳಾಗಬೇಡಿ. ತೆಗೆದಿಟ್ಟು ಮೂರು ತಿಂಗಳಾದ ಮೇಲೆ ಹೇಗೆ ನಡೀತಾರೆ ಅಂತ ಕೇಳಿ.

ನೀವೇನಂತೀರಿ?