ಆಲಿ ಮೆಕ್‌ಬೀಲ್ ಅತ್ತರೆ ಯಾರಿಗೆ ಅವಮಾನ?

ನಗಿಸುವುದಕ್ಕೆಂದು ತಯಾರಾದ ಒಂದು ಧಾರಾವಾಹಿ ಗಂಭೀರ ಜನರನ್ನು ಎರಡು ಪಂಗಡವಾಗಿ ಒಡೆದದ್ದು ಅಪರೂಪ. ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 1997ರ ಸೆಪ್ಟೆಂಬರಿನಿಂದ 2002ರ ಮೇ ತಿಂಗಳವರೆಗೆ ನಡೆದ ‘ಆಲಿ ಮೆಕ್‌ಬೀಲ್’ ಅಂಥ ಭಾಗ್ಯವನ್ನು ಪಡೆದಿತ್ತು. ಇದನ್ನು ಬರೆದ ಡೇವಿಡ್ ಇ. ಕೆಲ್ಲಿ ಸ್ವತಃ ಬಾಸ್ಟನ್ನಿನಲ್ಲಿ ವಕೀಲರಾಗಿದ್ದವರು. 1999ರಲ್ಲಿ ಇದಕ್ಕೆ ಶ್ರೇಷ್ಠ ಹಾಸ್ಯ ಧಾರಾವಾಹಿ ಎಂಬ ಎಮ್ಮಿ ಪ್ರಶಸ್ತಿ ದೊರೆಯಿತು. ಒಂದು ಗಂಟೆಯ ಅವಧಿಯ ಧಾರಾವಾಹಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಟಿ. ಎನ್. ಸೀತಾರಾಂ ಅವರ ಧಾರಾವಾಹಿಗಳಲ್ಲಿ ವಕೀಲರ ಪಾಟೀಸವಾಲನ್ನು ಉಸಿರು ಬಿಗಿಹಿಡಿದು ಕೇಳಿದ ನಮ್ಮ ಓದುಗ ಮಿತ್ರರಿಗೆ, ನಗುವ ನ್ಯಾಯಾಲಯವೆಂಬುದು ಸ್ವಲ್ಪ ವಿಚಿತ್ರವಾಗಿಯೇ ತೋರೀತು.

ಕತೆ ಇಷ್ಟು. ಆಲಿ ಎಂಬ ತರುಣ ವಕೀಲೆ ತನ್ನ ಹಿಂದಿನ ಕಚೇರಿಯಲ್ಲಿ ಸಹೋದ್ಯೋಗಿಯ ಕಿರುಕುಳಕ್ಕೆ ಒಳಗಾಗುತ್ತಾಳೆ. ದೂರು ಕೊಟ್ಟರೂ ಕೊನೆಗೆ ಕೆಲಸ ಬಿಡಬೇಕಾದವಳು ಅವಳೇ. ಹಳೆಯ ಸಹಪಾಠಿ ರಿಚರ್ಡ್ ಫಿಶ್ ತನ್ನ ಸಂಸ್ಥೆಗೆ ಕರೆಯುತ್ತಾನೆ. ಹೋಗಿ ನೋಡಿದರೆ ಬಾಲ್ಯದಿಂದ ಪ್ರೀತಿಸಿದ ಬಿಲ್ಲಿ ಅಲ್ಲಿಯೇ ವಕೀಲ, ಅವನಿಗೆ ಮದುವೆಯೂ ಆಗಿದೆ. ಮುಂದಿನದೆಲ್ಲ ಮೊಕದ್ದಮೆ, ಹಾಡು, ಕನಸು, ಕಣ್ಣೀರು. ಆಲಿಯ ಮನಸ್ಸಿನಲ್ಲಿ ನಡೆದದ್ದು ನಮ್ಮ ಕಣ್ಣಿಗೆ ಕಾಣುತ್ತದೆ: ತಾಯ್ತನದ ವಯಸ್ಸು ಮೀರುತ್ತಿದೆ ಎಂಬ ಚಿಂತೆ ಕುಣಿಯುವ ಮಗುವಾಗಿ ಬಂದು ಎದುರು ನಿಲ್ಲುತ್ತದೆ.

ಇದನ್ನು ನೋಡಿದವರಲ್ಲಿ ಒಂದು ಪಂಗಡ ಕೆರಳಿತು. ಉನ್ನತ ಶಿಕ್ಷಣ ಪಡೆದ ವಕೀಲೆ ತುಂಡು ಲಂಗ ತೊಟ್ಟು, ಗಂಡಸರ ನೆನಪಿನಲ್ಲಿ ಮೂಗೊರೆಸಿಕೊಳ್ಳುತ್ತ ತಿರುಗಿದರೆ, ಅಜ್ಜಿಯಂದಿರು ಹೋರಾಡಿ ಗಳಿಸಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗಲಿಲ್ಲವೇ ಎಂಬುದು ಅವರ ವಾದ. 1998ರ ಜೂನ್ 29ರ ‘ಟೈಮ್’ ಪತ್ರಿಕೆ ತನ್ನ ಮುಖಪುಟದಲ್ಲಿ ಸೂಸನ್ ಬಿ. ಆಂಟನಿ, ಬೆಟ್ಟಿ ಫ್ರೀಡನ್, ಗ್ಲೋರಿಯಾ ಸ್ಟೈನಮ್ ಅವರ ಸಾಲಿನ ಕೊನೆಗೆ ಆಲಿಯ ಪಾತ್ರಧಾರಿಣಿ ಕಾಲಿಸ್ಟಾ ಫ್ಲಾಕ್‌ಹಾರ್ಟ್ ಅವರ ಚಿತ್ರವನ್ನು ಇರಿಸಿ, ಸ್ತ್ರೀವಾದ ಸತ್ತಿತೇ ಎಂದು ಕೇಳಿತು. ಮೂವರು ಬದುಕಿ ಹೋರಾಡಿದವರು, ನಾಲ್ಕನೆಯವಳು ಕಲ್ಪನೆಯ ಕೂಸು!

ಇನ್ನೊಂದು ಪಂಗಡ ಆಲಿಯನ್ನು ಮನೆಮಗಳಂತೆ ಕಂಡಿತು. ಹಗಲೆಲ್ಲ ಧೈರ್ಯದ ಮುಖವಾಡ ತೊಟ್ಟು ದುಡಿದು, ರಾತ್ರಿ ಒಂಟಿ ಕೋಣೆಯಲ್ಲಿ ತನ್ನ ಬದುಕು ಇಷ್ಟೇಯೇ ಎಂದು ಕೇಳಿಕೊಳ್ಳುವ ಹೆಣ್ಣನ್ನು ಕೊನೆಗೂ ಯಾರೋ ತೋರಿಸಿದರಲ್ಲ ಎಂಬ ಸಮಾಧಾನ ಅವರದು.

ಮೊದಲ ಪಂಗಡದ ಭಯವನ್ನು ಹುಸಿಯೆಂದು ತಳ್ಳಿಹಾಕುವಂತಿಲ್ಲ. ಮೈರಾ ಬ್ರಾಡ್ವೆಲ್ ಎಂಬ ವಿದುಷಿಗೆ ಇಲಿನಾಯ್ ರಾಜ್ಯ ವಕೀಲಿಯ ಸನ್ನದು ನಿರಾಕರಿಸಿದಾಗ, 1873ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಹೆಣ್ಣಿನ ಸಹಜ ಅಂಜುಬುರುಕುತನ ಮತ್ತು ಕೋಮಲತೆ ಅನೇಕ ವೃತ್ತಿಗಳಿಗೆ ಸಲ್ಲದೆಂದು ನ್ಯಾಯಮೂರ್ತಿಗಳಲ್ಲೊಬ್ಬರು ಪ್ರತ್ಯೇಕವಾಗಿ ಬರೆದರು. ನಮ್ಮಲ್ಲಿ 1916ರಲ್ಲಿ ರೆಜಿನಾ ಗುಹಾ ಅವರ ಅರ್ಜಿಯನ್ನು ಕಲ್ಕತ್ತೆಯ ಹೈಕೋರ್ಟು ತಿರಸ್ಕರಿಸಿತು. ಸ್ತ್ರೀಯರಿಗೆ ಆ ಬಾಗಿಲು ತೆರೆಯಲು 1923ರ ಕಾಯಿದೆಯೇ ಬರಬೇಕಾಯಿತು. ಅಂಥ ದಾರಿಯಲ್ಲಿ ನಡೆದು ಬಂದವರು, ಪರದೆಯ ಮೇಲೆ ವಕೀಲೆಯೊಬ್ಬಳು ಅಳುವುದನ್ನು ಕಂಡು ಬೆಚ್ಚಿದರೆ ಆಶ್ಚರ್ಯವೇನು?

ಆದರೂ ನನ್ನ ಮತ ಎರಡನೆಯ ಪಂಗಡದ ಕಡೆಗೇ ವಾಲುತ್ತದೆ. ಅದೇ ಕಚೇರಿಯ ಗಂಡಸರನ್ನು ನೋಡಿ. ಪಾಲುದಾರ ಜಾನ್ ಕೇಜ್‌ನ ಮೂಗು ಹೇಳದೆ ಕೇಳದೆ ಸಿಳ್ಳೆ ಹಾಕುತ್ತದೆ. ಕನ್ನಡಿಯ ಮುಂದೆ ಕುಣಿಯದೆ ಆತನಿಗೆ ಧೈರ್ಯ ಬಾರದು. ರಿಚರ್ಡ್ ಫಿಶ್‌ಗೆ ವಯಸ್ಸಾದ ಹೆಂಗಸರ ಗಂಟಲಿನ ಜೋಲು ಚರ್ಮದ ಮೇಲೆ ವಿಪರೀತ ಮೋಹ. ಇವರ ಮುಂದೆ ಆಲಿಯ ಹುಚ್ಚು ಎಷ್ಟರದು! ಆದರೆ ಇವರಿಬ್ಬರ ಚಿತ್ರ ಹಾಕಿ, ಪೌರುಷ ಸತ್ತಿತೇ ಎಂದು ಯಾವ ಪತ್ರಿಕೆಯೂ ಮುಖಪುಟದಲ್ಲಿ ಕೇಳಲಿಲ್ಲ. ಗಂಡಿನ ಹುಚ್ಚು ಅವನೊಬ್ಬನದು, ಹೆಣ್ಣಿನ ಹುಚ್ಚು ಇಡೀ ಕುಲದ್ದು.

ಅಧ್ಯಾಪನ ಮಾಡಿದವರಿಗೆಲ್ಲ ಈ ಲೆಕ್ಕ ಪರಿಚಿತ. ಬೀಜಗಣಿತದಲ್ಲಿ ಹುಡುಗ ತಪ್ಪಿದರೆ ‘ಅವನು ಓದಿಲ್ಲ’ ಎನ್ನುತ್ತಿದ್ದರು. ಹುಡುಗಿ ತಪ್ಪಿದರೆ ‘ಹೆಣ್ಣುಮಕ್ಕಳಿಗೆ ಗಣಿತ ಹತ್ತುವುದಿಲ್ಲ’ ಎನ್ನುತ್ತಿದ್ದರು. ಅಧ್ಯಾಪಕರ ಕೊಠಡಿಯಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿರುವೆನೋ! ಪರಿಣಾಮವಾಗಿ ಉತ್ತರ ಗೊತ್ತಿದ್ದ ಹುಡುಗಿಯೂ ಕೈಯೆತ್ತುತ್ತಿರಲಿಲ್ಲ. ತನ್ನ ಒಂದು ತಪ್ಪು ಎಲ್ಲರ ತಲೆಯ ಮೇಲೆ ಬೀಳುವುದಾದರೆ ಸುಮ್ಮನಿರುವುದೇ ಕ್ಷೇಮವೆಂದು ಅವಳು ಬಲ್ಲಳು. ತಪ್ಪುವ ಸ್ವಾತಂತ್ರ್ಯವಿಲ್ಲದವರಿಗೆ ಕಲಿಯುವ ಸ್ವಾತಂತ್ರ್ಯವೂ ಇರುವುದಿಲ್ಲ.

ಅಳುವಿಗೂ ನ್ಯಾಯಬುದ್ಧಿಗೂ ವೈರವಿದೆಯೆಂದು ಹೇಳಿದವರಾರು? ಕುರುಸಭೆಗೆ ಎಳೆದುತರಲ್ಪಟ್ಟ ದ್ರೌಪದಿ ಕಣ್ಣೀರಿಡುತ್ತಲೇ, ತನ್ನನ್ನು ತಾನು ಸೋತವನಿಗೆ ನನ್ನನ್ನು ಪಣಕ್ಕೊಡ್ಡುವ ಹಕ್ಕೆಲ್ಲಿಯದು ಎಂದು ಕೇಳಿದಳು. ಕಣ್ಣಲ್ಲಿ ನೀರಿಲ್ಲದೆ ಕುಳಿತಿದ್ದ ಭೀಷ್ಮನಿಗೂ ಅದಕ್ಕೆ ನೇರ ಉತ್ತರ ಹೊಳೆಯಲಿಲ್ಲ.

ಹಾಗೆಂದು ಧಾರಾವಾಹಿ ನಿರ್ದೋಷಿಯೆಂದು ನಾನು ವಾದಿಸಲಾರೆ. ನನ್ನ ಆಕ್ಷೇಪ ಬೇರೆಯದು. ಆಲಿಯನ್ನು ಮೊದಲ ಕಂತಿನಲ್ಲಿ ಕೆಲಸದಿಂದ ಹೊರದೂಡಿದ ಅನ್ಯಾಯ ಬೇಗನೆ ಹಿಂದೆ ಸರಿದು, ಅವಳ ಕಳೆದುಹೋದ ಪ್ರೀತಿಯೇ ಕತೆಯ ಕೇಂದ್ರಕ್ಕೆ ಬಂದು ಕೂರುತ್ತದೆ. ರಾತ್ರಿಯಿಡೀ ಕಡತ ಓದುವ ಶ್ರಮ ನಮಗೆ ಕಾಣುವುದು ಅಪರೂಪ. ಸಂಜೆಯ ಹಾಡು ಮಾತ್ರ ತಪ್ಪುವುದಿಲ್ಲ. ಕೊನೆಯಲ್ಲಿ, ಅನಿರೀಕ್ಷಿತವಾಗಿ ಮಡಿಲಿಗೆ ಬಂದ ಮಗಳಿಗೋಸ್ಕರ ಅವಳು ಬಾಸ್ಟನ್ನನ್ನೂ ತನ್ನ ಸಂಸ್ಥೆಯನ್ನೂ ತೊರೆದು ನ್ಯೂಯಾರ್ಕಿಗೆ ಹೊರಡುತ್ತಾಳೆ. ಆ ತ್ಯಾಗ ದೊಡ್ಡದೇ ಸರಿ. ಆದರೆ ಐದು ವರ್ಷ ಅವಳ ವಕೀಲಿಯನ್ನು ನಂಬಿ ನೋಡಿದ ನನಗೆ ಅದು ಕೊಂಚ ಸುಲಭದ ಬಿಡುಗಡೆಯಾಗಿ ತೋರಿತು.

ಆಲಿಯ ಬಗ್ಗೆ ಕೇಳಬೇಕಾದ ಪ್ರಶ್ನೆ ಅವಳು ಎಲ್ಲ ಸ್ತ್ರೀಯರ ಪ್ರತಿನಿಧಿಯೇ ಎಂಬುದಲ್ಲ. ವಕೀಲೆಯಾಗಿ ಅವಳು ತನ್ನ ಕಕ್ಷಿದಾರನ ಕೈಬಿಡಲಿಲ್ಲ ತಾನೇ, ಅಷ್ಟನ್ನು ಕೇಳೋಣ. ಗಂಡುವಕೀಲರಲ್ಲಿ ನಾವು ಕೇಳುವುದೂ ಅಷ್ಟನ್ನೇ.