ಚಹಾದಾಗ ಹಾಕೋ ಪುಡಿ

ಮೊನ್ನೆ ಶ್ರಾವಣ ಶುಕ್ರವಾರ ನಮ್ಮನ್ಯಾಗ ಅರಿಶಿಣ-ಕುಂಕುಮ ಇತ್ತು. ಉಡಿ ತುಂಬಿಸ್ಕೊಂಡು, ಫಳಾರ ತಿಂದು ಎಲ್ಲಾರೂ ಹೋದ್ರು. ನಮ್ಮ ಓಣ್ಯಾಗಿನ ಒಬ್ಬಾಕಿ ಮಾತ್ರ ಬಟ್ಟಲಾ ತೊಳಿಯೋ ನೆಪ ಮಾಡ್ಕೊಂಡು ಅಡಗಿಮನ್ಯಾಗ ಉಳದ್ಲು. ಹೆಸರು ಬ್ಯಾಡ. ನಳಾ ಜೋರ ಬಿಟ್ಟು ಆ ಸಪ್ಪಳದಾಗ ಮೆಲ್ಲಕ ಕೇಳಿದ್ಲು, "ವೈನಿ, ನಿಮ್ಮ ತಮ್ಮಗ ಕೊಟ್ಟಿದ್ರೆಲಾ, ಆ ಕುಡಿತಾ ಬಿಡಿಸೋ ಪುಡಿ, ಅದು ಎಲ್ಲೆ ಸಿಗ್ತದ?"

ಕೊಟ್ಟಿದ್ದಷ್ಟ ಆಕಿಗೆ ಗೊತ್ತು. ಆಮ್ಯಾಲೆ ಏನಾತು ಅನ್ನೋದನ್ನ ನಾವು ಯಾರಿಗೂ ಹೇಳಿರಲಿಲ್ಲ. ಇವತ್ತು ಹೇಳ್ತೀನಿ. ತಮ್ಮನ್ನ ಕೇಳಿನ ಬರದೀನಿ ಮತ್ತ. "ಬರಿ ಅಕ್ಕಾ, ಉಪ್ಪು-ಖಾರ ಹಚ್ಚಬ್ಯಾಡ ಅಷ್ಟ" ಅಂದಾನ.

ಅವಾ ಮೊದಲ ಸಂಜಿಮುಂದ ಕುಡೀತಿದ್ದ. ಬರಬರತ ಮುಂಜಾನೆ ಹಲ್ಲು ತಿಕ್ಕೋದಕ್ಕಿಂತ ಮೊದಲ ಬೇಕಾತು. ಇಲ್ಲಂದ್ರ ಕೈ ನಡುಗಿ ಚಹಾದ ಬಸಿ ಹಿಡೀಲಿಕ್ಕೆ ಬರ್ತಿರಲಿಲ್ಲ. ನಾವೇನು ಕಡಿಮಿ ಮಾಡಲಿಲ್ರಿ. ಅವ್ವ ಬಾಟ್ಲಿ ಹುಡುಕಿ ಹುಡುಕಿ ಬಚ್ಚಲಕ್ಕ ಸುರವಿದ್ಲು. ಕೂಸಿನ ತಲಿ ಮ್ಯಾಲೆ ಕೈ ಇಡಿಸಿ ಆಣಿ ಮಾಡಿಸಿದ್ವಿ. ಆಣಿ ಮಾಡಿದ ಮೂರನೇ ರಾತ್ರಿ ಗ್ವಾಡಿ ಮ್ಯಾಲೆ ಹುಳಾ ಹರದಾಡ್ಲಿಕ್ಕೆ ಹತ್ಯಾವ ಅಂತ ಒದರಿ, ಬೆವತು, ಮೈಯೆಲ್ಲಾ ಥರಥರ ನಡಗಿದ. ಗಾಳಿ ಸೋಕ್ಯದ ಅಂತ ತಿಳಕೊಂಡು ದೃಷ್ಟಿ ತಗದ್ವಿ. ಮುಂಜಾನೆ ಅವಾ ಮತ್ತ ಕುಡದ, ನಡಕ ನಿಂತಿತು, ನಾವು ಆಣಿ ಮುರದಾ ಅಂತ ಬೈದ್ವಿ.

ಆವಾಗ ಬಸ್‌ಸ್ಟ್ಯಾಂಡ್ ಗ್ವಾಡಿ ಮ್ಯಾಲೆ ಆ ಚೀಟಿ ನೋಡಿದೆ. ಕುಡಿಯೋರಿಗೆ ಗೊತ್ತಾಗದಂಗ ಕುಡಿತ ಬಿಡಸ್ತೀವಿ ಅಂತ. ನಾನ ರೊಕ್ಕಾ ಕಳಿಸಿ ತರಿಸಿದೆ. ಬಿಳಿ ಪುಡಿ, ಪಾಕೀಟಿನ ಮ್ಯಾಲೆ ಏನೇನದ ಅನ್ನೋದು ಒಂದಕ್ಷರ ಇಲ್ಲ. ಅಂಗಡಿಯೊಳಗ ಜೀರಗಿ ತೊಗೊಂಡ್ರೂ ಹಳ್ಳು ನೋಡಿ ತೊಗೊಳ್ಳಾಕಿ ನಾನು, ಅದನ್ನ ನೋಡಲಿಲ್ಲ. ತಮ್ಮನ ಹೆಂಡತಿ ಮಸಾಲಿ ಡಬ್ಬಿ ಹಿಂದ ಇಟ್ಕೊಂಡು ದಿನಾ ಮುಂಜಾನೆ ಚಹಾದಾಗ ಹಾಕಿದ್ಲು.

ಮೂರನೇ ದಿನ ಸಂಜಿಗೆ ಕುಡದು ಬಂದವನ ಮಾರಿ ಇಟ್ಟಂಗಿಯಂಗ ಕೆಂಪಾಗಿತ್ತು. ಎದಿ ಡವಡವ ಅಂತದ ಅಂದ, ವಾಂತಿ ಮಾಡ್ಕೊಂಡ, ಪಾವಟಿಗಿ ಮ್ಯಾಲೆ ಕುಸದು ಬಿದ್ದ. ದವಾಖಾನ್ಯಾಗ ಡಾಕ್ಟರು ಕೇಳಿದ್ರು, "ಮತ್ತೇನರೆ ಔಷಧ-ಗುಳಿಗಿ ತೊಗೊಂಡಾರೇನ್ರಿ?" ನಾವಿಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿ "ಇಲ್ರಿ" ಅಂದ್ವಿ. ಅವರು ಎದಿದೇ ಬ್ಯಾನಿ ಅಂತ ಓಡಾಡಿದ್ರು. ಅರ್ಧಾ ತಾಸಿನ ಮ್ಯಾಲೆ, ಬಿಪಿ ಭಾಳ ಇಳದದ ಅಂತ ನರ್ಸ್ ಅಂದಾಗ ನಾ ಹೊರಗ ಹೋಗಿ ಡಾಕ್ಟರ್ ಮುಂದ ಹೇಳಿದೆ. ಆ ಅರ್ಧಾ ತಾಸು ನನಗ ಈಗೂ ನಿದ್ದಿಗೆಡಸ್ತದ.

ಆಮ್ಯಾಲೆ ಅವರು ತಿಳಿಸಿ ಹೇಳಿದ್ರು. ಡೈಸಲ್ಫಿರಾಮ್ ಅಂತ ಒಂದು ಔಷಧ ಅದ. 1940ರ ದಶಕದಾಗ ಡೆನ್ಮಾರ್ಕಿನವರು ಹೊಟ್ಟಿ ಜಂತುಹುಳಕ್ಕ ಆಗ್ತದೇನು ಅಂತ ತಾವ ತಿಂದು ನೋಡ್ಲಿಕ್ಕೆ ಹೋಗಿ, ಕುಡದಾಗ ಒದ್ದಾಡಿ ಇದರ ಗುಣಾ ಕಂಡ್ಕೊಂಡ್ರಂತ. ಕುಡದದ್ದನ್ನ ನಮ್ಮ ಪಿತ್ತಜನಕಾಂಗ ಎರಡು ಹಂತದಾಗ ಕರಗಸ್ತದ. ಈ ಔಷಧ ಎರಡನೇ ಹಂತ ತಡದು ನಿಲ್ಲಸ್ತದ. ನಡುವಿನ ವಿಷ ಮೈಯಾಗ ತುಂಬಿ ಮಾರಿ ಕೆಂಪಾಗಿ, ಎದಿ ಬಡದು, ವಾಂತ್ಯಾಗಿ, ಬಿಪಿ ಇಳೀತದ. ಎದಿರೋಗ ಇದ್ದವರಿಗೆ ಜೀವಾನೂ ಹೋಗಬಹುದು. ನಿಲ್ಲಿಸಿದ ಮ್ಯಾಲೂ ಎರಡು ವಾರದ ತನಕಾ ಗುಣಾ ಮೈಯಾಗ ಇರಬಹುದಂತ. ನಾವು ಕೊಟ್ಟ ಪುಡ್ಯಾಗ ಇದೇ ಇತ್ತು ಅಂತ ಯಾರೂ ಖಾತ್ರಿ ಹೇಳಲಿಲ್ಲ. ಲಕ್ಷಣಾ ಅದರಂಗ ಅವ ಅಂದ್ರು.

ಜೀವಾ ಉಳೀತು. ಮನಿಗೆ ಬಂದ ಮ್ಯಾಲೆ ಅವಂಗ ಖರೇ ಹೇಳಿದ್ವಿ. ಬೈಯಲಿಲ್ಲ, ಒದರಲಿಲ್ಲ. ಎರಡು ತಿಂಗಳು ಮನಿ ಊಟಾ ಬಿಟ್ಟ, ಖಾನಾವಳಿ ಡಬ್ಬಿ ತರಿಸಿಕೊಂಡು ಹಿತ್ತಲದಾಗ ಕೂತು ಉಣ್ತಿದ್ದ. ನಾ ಮಾಡಿದ್ದ ಹೋಳಿಗಿ ಸುದ್ದಾ ಮುಟ್ಟಲಿಲ್ಲ. ನೋಡ್ರಿ, ಮೈಗೆ ಏನಾತು ಅನ್ನೋದು ಬ್ಯಾರೆ. ನಮ್ಮ ಕೈ ಅಡಗಿ ಮ್ಯಾಲೆ ಒಬ್ಬಂವ ಸಂಶಯ ತೊಗೊಂಡಾ ಅಂದ್ರ, ನಾಳೆ ಅವನ ಕೈ ಹಿಡದು ದವಾಖಾನಿಗೆ ಕರಕೊಂಡು ಹೋಗೋರು ಯಾರು?

ಕಡೀಕೆ ಕರಕೊಂಡು ಹೋದಾಂವ ನಾವಲ್ಲ, ಅವನ ಜೋಡಿ ಕೆಲಸಾ ಮಾಡಾಂವ. ಅವನೂ ಒಂದು ಕಾಲಕ್ಕ ಕುಡದು ಬಿಟ್ಟಾಂವ. ಹತ್ತು ದಿನ ವಾರ್ಡಿನ್ಯಾಗ ಇಟ್ಕೊಂಡ್ರು. ನಡಕಕ್ಕ ಗುಳಿಗಿ, ಬಿ-1 ಜೀವಸತ್ವದ ಇಂಜೆಕ್ಷನ್. ಅಲ್ಲೇ ನನಗ ತಿಳೀತು, ಅವತ್ತು ನಾವು ಗಾಳಿ ಅಂದಿದ್ದು ಭಾಳ ದಿನದ ಕುಡಿತಾ ಒಮ್ಮೆಲೆ ನಿಲ್ಲಿಸಿದ್ದಕ್ಕ ಆದದ್ದು. ಮೊದಲಿನ ಎರಡು ದಿನದಾಗ ಫಿಟ್ಸ್ ಬರಬಹುದು, ಎರಡು-ಮೂರು ದಿನದ ಮ್ಯಾಲೆ ಇಲ್ಲದ್ದು ಕಂಡು ಭ್ರಮಿ ಆಗಬಹುದು, ಔಷಧ ಸಿಗದಿದ್ರ ಸಾಯಲೂಬಹುದು. ಆಣಿ ಮಾಡಿಸಿ ಬಾಗಲಾ ಹಾಕಿ ಕೂಡ್ರಿಸೋ ಅವ್ವಂದ್ರು ಇದನ್ನ ಎರಡು ಸಲ ಓದ್ರಿ.

ಇನ್ನೊಂದು ಕೇಳ್ರಿ. ವಾರ್ಡಿನಿಂದ ಬಂದ ಮ್ಯಾಲೆ ಡಾಕ್ಟರು ಕೊಟ್ಟದ್ದು ಅದೇ ಡೈಸಲ್ಫಿರಾಮ್ ಗುಳಿಗಿ! ಎದಿ, ಪಿತ್ತಜನಕಾಂಗ ಎಲ್ಲಾ ತಪಾಸಣಿ ಮಾಡಿ, ಕುಡದ್ರ ಏನಾಗ್ತದ ಅಂತ ಅವನ ಮುಂದ, ಹೆಂಡತಿ ಮುಂದ ಹೇಳಿ, ಒಪ್ಪಿಗಿ ತೊಗೊಂಡು ಕೊಟ್ರು. ಈಗೂ ಮುಂಜಾನೆ ಚಹಾದ ಜೋಡಿನ, ಆದ್ರ ಅವನ ಅಂಗೈ ಮ್ಯಾಲೆ. ಏಳನೇ ತಿಂಗಳ ಮದವಿಯೊಂದಕ್ಕ ಹೋಗೋ ಮೊದಲ ತಾನ ಗುಳಿಗಿ ಬಿಟ್ಟಿದ್ದ, ಕುಡದು ಬಂದ. ನಮ್ಮವ್ವ ಎಲ್ಲಾ ನೀರಾಗ ಹೋತು ಅಂತ ಅತ್ಲು. ಡಾಕ್ಟರು ಮಾತ್ರ ಸಕ್ಕರಿ ಬ್ಯಾನಿಯವರು ಒಂದು ಹಬ್ಬಕ್ಕ ಸಿಹಿ ತಿಂದ್ರ ಔಷಧ ಬಿಡಸ್ತೀರೇನು ಅಂತ ಕೇಳಿ, ಮತ್ತ ಶುರು ಮಾಡಿಸಿದ್ರು. ಈಗ ನಾಕು ವರ್ಷ ಆತು.

ಅಂಗಡಿ ಬಂದ್ ಮಾಡಿದ್ರ ಎಲ್ಲಾ ಸರಿ ಹೋಗ್ತದ ಅಂತ ನಮ್ಮ ಮಹಿಳಾ ಮಂಡಳದಾಗ ಭಾಳ ಮಂದಿ ಅಂತಾರ. 2007ರ ಜುಲೈ 1ಕ್ಕ ನಮ್ಮ ರಾಜ್ಯದಾಗ ಸಾರಾಯಿ ಬಂದ್ ಆದಾಗ ನಾನೂ ಖುಷಿ ಪಟ್ಟಾಕಿ. ಆದ್ರ ನಮ್ಮ ಓಣಿಯವರು ಸಾರಾಯಿ ಬಿಟ್ಟು ಬಾಟ್ಲಿ ಹಿಡದ್ರು, ಪಗಾರದಾಗ ಇನ್ನಷ್ಟು ಹೋತು. ಅಂಗಡಿ ಕಡಿಮಿ ಆಗ್ಲಿ, ಬ್ಯಾಡ ಅನ್ನೂದಿಲ್ಲ. ಅದರ ಜೋಡಿ ತಾಲೂಕಿಗೊಂದು ಛಲೋ ವಾರ್ಡ್ ಕೇಳೋಣು. ಧರ್ಮಸ್ಥಳದವರ ಮದ್ಯವರ್ಜನ ಶಿಬಿರದಿಂದನೂ ಬಿಟ್ಟವರು ಅದಾರ. ಮುಂಜಾನೆನೂ ಕುಡಿಯೋರು ಇದ್ರ ಮೊದಲ ಡಾಕ್ಟರಗ ತೋರಿಸಿ ಆಮ್ಯಾಲೆ ಕಳಸ್ರಿ. ನಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಅದ, ಬೆಂಗಳೂರಾಗ ನಿಮ್ಹಾನ್ಸ್ ಅದ. ಅದು ಹುಚ್ಚರ ದವಾಖಾನಿ, ಮಂದಿ ಏನಂದಾರು ಅಂತೀರೇನು? ಪಾವಟಿಗಿ ಮ್ಯಾಲೆ ಬಿದ್ದಾಗ ಮಂದಿ ನೋಡೇ ನೋಡ್ಯಾರ. ಹೋಗ್ಲಿಕ್ಕೆ ಸಂಕೋಚ ಆದ್ರ 14416ಕ್ಕ ಫೋನ್ ಹಚ್ರಿ, ಟೆಲಿ ಮಾನಸ್ ಅಂತ, ಸರಕಾರದ್ದು, ರೊಕ್ಕಾ ಇಲ್ಲ, ಕನ್ನಡದಾಗ ಮಾತಾಡಬಹುದು. ಗಾಂಜಾ, ಗುಳಿಗಿ ಚಟಾ ಹತ್ತಿದ ಹುಡುಗೂರ ಸಲುವಾಗಿ 14446 ಅದ.

ಇಷ್ಟೂ ನಾ ಆಕಿಗೆ ಹೇಳೋ ತನಕಾ ನಳಾ ಹಂಗ ಹರೀತಿತ್ತು, ಡ್ರಮ್ಮಿನ ನೀರು ಖಾಲಿ ಆತು, ಇರ್ಲಿ. "ಹಂಗಾರ ಅವರಿಗೆ ನಾ ಏನಂತ ಅನ್ಲಿ ವೈನಿ?" ಅಂದ್ಲು. ನಾ ಹೇಳಿದೆ: ಕುಡದು ಬಂದಾಗ ಮಾತು ತಗೀಬ್ಯಾಡ. ಮುಂಜಾನೆ ಎದ್ದ ಹೊತ್ತಿಗೆ, ಹುಡುಗೂರು ಇಲ್ಲದಾಗ ಕೇಳು. ಬಿಡ್ರಿ ಅನಬ್ಯಾಡ. ಕೈ ನಡಗತಾವಲ್ಲ, ಅದನ್ನ ತೋರಿಸ್ಕೊಂಡು ಬರೋಣು, ನಾನೂ ಬರ್ತೀನಿ ಅನ್ನು.

ಸೋಮವಾರ ಬಂದು ನನ್ನ ತಮ್ಮನ ನಂಬರ ಇಸ್ಕೊಂಡು ಹೋದ್ಲು. ಅವಾ ಮತ್ತು ಆಕಿ ಗಂಡ ಮುಕ್ಕಾಲು ತಾಸು ಮಾತಾಡಿದ್ರಂತ. ಏನು ಮಾತಾಡಿದ್ರೋ, ತಮ್ಮ ನನಗ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬುಧವಾರ ಏಳೂವರಿ ಬಸ್ಸಿಗೆ ಮೂವರೂ ಹೊಂಟಾರ. ಆಕಿ ಹುಡುಗೂರದು ಮಧ್ಯಾಹ್ನದ ಊಟಾ ನಮ್ಮನ್ಯಾಗ.